ರೋಮಿನ ಹಡಗು, ನಮ್ಮ ಕಡಲತೀರ: ಎರಡು ಸಾಹಸಕತೆಗಳ ಓದು

ನವೆಂಬರ್ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಓಡಾಡುತ್ತೆ. "ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ನಾಟಕದಲ್ಲಿ ಕನ್ನಡ ಇದೆ, ನಿಮಗೆ ಗೊತ್ತಾ?" ಕೆಳಗೆ ಹಳದಿ ಕೆಂಪು ಬಾವುಟ, ಕೈಮುಗಿದ ಚಿತ್ರ. ಓದಿ ಖುಷಿಪಡ್ತೀವಿ, ಇನ್ನೊಂದು ಗುಂಪಿಗೆ ಕಳಿಸ್ತೀವಿ. ಆದರೆ ಆ ನಾಟಕ ಯಾವುದು? ಅದರಲ್ಲಿ ಏನು ನಡೆಯುತ್ತೆ? ಕನ್ನಡ ಮಾತಾಡ್ತಾರೆ ಅನ್ನುವ ಆ ಪಾತ್ರಗಳು ಯಾರು, ಪ್ರೇಕ್ಷಕರು ಅವರನ್ನು ನೋಡಿ ಯಾಕೆ ನಗುತ್ತಿದ್ದರು? ಇದನ್ನೆಲ್ಲ ಕೇಳುವವರು ಕಡಿಮೆ.

ಈ ಪಾಠದಲ್ಲಿ ಆ ನಾಟಕವನ್ನು ಸ್ವಲ್ಪ ಬಿಡುವಾಗಿ ಓದೋಣ. ಅದರ ಪಕ್ಕದಲ್ಲಿ, ನಾವೀಗ ಓದುತ್ತಿರುವ ಈ ಮಲೇಷ್ಯಾದ್ದೇ ಒಂದು ಕತೆಯನ್ನೂ ಇಟ್ಟು ನೋಡೋಣ. ಎರಡರಲ್ಲೂ ರೋಮ್ ಇದೆ, ಕಡಲಿದೆ, ಹಡಗಿದೆ, ರಾಜಕುಮಾರಿಯಂಥ ಒಬ್ಬ ಹೆಣ್ಣಿದ್ದಾಳೆ, ಪಾರಾಗುವ ಸಾಹಸವಿದೆ. ಒಂದು ಪಶ್ಚಿಮದಿಂದ ನಮ್ಮ ಕಡೆ ನೋಡುತ್ತೆ. ಇನ್ನೊಂದು ಪೂರ್ವದಿಂದ ರೋಮಿನ ಕಡೆ ನೋಡುತ್ತೆ. ಇಂಥ ಕತೆ ಓದುವಾಗ ಮೂರು ಪ್ರಶ್ನೆ ಕೈಯಲ್ಲಿರಲಿ: ಕತೆ ಹೇಳುವವನು ಎಲ್ಲಿ ನಿಂತಿದ್ದಾನೆ? ಅರ್ಥವಾಗುವ ಮಾತನ್ನು ಅವನು ಯಾರಿಗೆ ಕೊಟ್ಟಿದ್ದಾನೆ? ಇದರಲ್ಲಿ ಖಚಿತವಾದದ್ದು ಎಷ್ಟು, ಊಹೆ ಎಷ್ಟು, ಕಲ್ಪನೆ ಎಷ್ಟು?

1. ಕಸದ ದಿಬ್ಬದಲ್ಲಿ ಸಿಕ್ಕ ನಾಟಕ

ಈಜಿಪ್ಟಿನಲ್ಲಿ ನೈಲ್ ನದಿಯ ಪಶ್ಚಿಮಕ್ಕೆ ಆಕ್ಸಿರಿಂಕಸ್ ಅಂತ ಒಂದು ಹಳೆಯ ಪಟ್ಟಣವಿತ್ತು. ಇಂದು ಆ ಊರಿನ ಹೆಸರು ಅಲ್-ಬಹ್ನಸಾ. ಊರಿನವರು ನೂರಾರು ವರ್ಷ ಕಸ ತಂದು ಸುರಿದ ದಿಬ್ಬಗಳು ಅಲ್ಲಿದ್ದವು. ಮಳೆ ಬೀಳದ ಒಣ ನೆಲವಾದ್ದರಿಂದ ಕಸದ ಜೊತೆ ಬಿಸಾಡಿದ ಪಪೈರಸ್ ಹಾಳೆಗಳು ಕೊಳೆಯದೆ ಉಳಿದುಬಿಟ್ಟವು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು 1896–97ರ ಚಳಿಗಾಲದಲ್ಲಿ ಅಲ್ಲಿ ಅಗೆಯಲು ಶುರು ಮಾಡಿದರು. ತೆರಿಗೆ ರಸೀದಿ, ಕರಾರು ಪತ್ರ, ಮನೆಗೆ ಬರೆದ ಕಾಗದ, ಕಾವ್ಯದ ತುಣುಕು, ಎಲ್ಲ ಸಿಕ್ಕವು. ಅವುಗಳಿಗೆ ಸಂಖ್ಯೆ ಹಾಕಿ ಸಂಪುಟಗಳಾಗಿ ಅಚ್ಚು ಹಾಕಿದರು. 1903ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ 413ನೇ ಸಂಖ್ಯೆಯದು ನಮ್ಮ ನಾಟಕ.

ಬರಹ ಕ್ರಿ.ಶ. ಎರಡನೆಯ ಶತಮಾನದ್ದು. ಆಗ ಈಜಿಪ್ಟ್ ರೋಮ್ ಸಾಮ್ರಾಜ್ಯದ ಒಂದು ಪ್ರಾಂತ. ಆಳುವವರು ರೋಮನ್ನರು, ಆದರೆ ಓದು, ಬರಹ, ರಂಗಭೂಮಿಯ ಭಾಷೆ ಗ್ರೀಕ್. ನಾಟಕದ ಜಾತಿಗೆ ಅವರು ಕೊಟ್ಟ ಹೆಸರು ಮೈಮ್. ಇವತ್ತಿನ ಮೂಕಾಭಿನಯ ಅಂದುಕೊಳ್ಳಬೇಡಿ. ಮಾತು, ಹಾಡು, ಕುಣಿತ, ಡೋಲು, ಒರಟು ಹಾಸ್ಯ ಎಲ್ಲ ಇರುವ ಪ್ರಹಸನ ಅದು. ಹಸ್ತಪ್ರತಿಯಲ್ಲಿ ಪಾತ್ರಗಳ ಹೆಸರಿನ ಬದಲು ಅಕ್ಷರಗಳಿವೆ, ಎಲ್ಲಿ ವಾದ್ಯ ಬಾರಿಸಬೇಕು ಅನ್ನೋದಕ್ಕೆ ಗುರುತುಗಳಿವೆ. ಅಂದರೆ ಇದು ಗ್ರಂಥಾಲಯದ ಪುಸ್ತಕ ಅಲ್ಲ, ಆಡುವವರು ಕೈಯಲ್ಲಿ ಹಿಡಿದ ಪ್ರತಿ. ನಮ್ಮ ಯಕ್ಷಗಾನ ಮೇಳದವರ ಪ್ರಸಂಗದ ಹಾಗೆ.

ನಾಯಕಿಯ ಹೆಸರಿನಿಂದ ಇದನ್ನು "ಚಾರಿಷನ್" ನಾಟಕ ಅಂತ ಕರೆಯುವುದು ನಮ್ಮಲ್ಲಿ ರೂಢಿ. ಗ್ರೀಕ್ ಉಚ್ಚಾರದಲ್ಲಿ ಖಾರಿಟಿಯೋನ್. ಮೊದಲ ಭಾಗ ಕಳೆದುಹೋಗಿದೆ, ಹಾಗಾಗಿ ಆಕೆ ಅಲ್ಲಿಗೆ ಹೇಗೆ ಬಂದಳು ಅಂತ ತಿಳಿಯುವುದಿಲ್ಲ. ನಮಗೆ ಸಿಗುವ ಭಾಗದ ಕತೆ ಇಷ್ಟು:

ಭಾರತದ ಕಡಲತೀರದಲ್ಲಿ ಒಂದು ದೇವಾಲಯ. ಅಲ್ಲಿ ಚಾರಿಷನ್ ಎಂಬ ಗ್ರೀಕ್ ಹೆಣ್ಣು ಸೆರೆಯಲ್ಲಿದ್ದಾಳೆ. ಅಲ್ಲಿಯ ರಾಜ ಚಂದ್ರದೇವತೆಯ ಭಕ್ತ. ಆಕೆಯನ್ನು ಬಿಡಿಸಿಕೊಂಡು ಹೋಗಲು ಅವಳ ಅಣ್ಣ ಹಡಗಿನಲ್ಲಿ ಬಂದಿದ್ದಾನೆ. ಜೊತೆಗೆ ಒಬ್ಬ ವಿದೂಷಕ. ಬೇಟೆಯಿಂದ ಹಿಂತಿರುಗುವ ಭಾರತೀಯ ಹೆಂಗಸರು ಬಿಲ್ಲು ಹಿಡಿದು ಬರುತ್ತಾರೆ, ವಿದೂಷಕನ ಮೇಲೆ ಬಾಣ ಬಿಡಲು ಹೊರಡುತ್ತಾರೆ. ವಿದೂಷಕನ ಬಳಿ ಇರುವ ಒಂದೇ ಅಸ್ತ್ರ ಅವನ ಹೊಟ್ಟೆಯ ವಾಯು. ಹೌದು, ನಾಟಕದಲ್ಲಿ ಅದಕ್ಕೂ ಬೇರೆ ಗುರುತು ಹಾಕಿದ್ದಾರೆ! ದೇವಾಲಯದ ಒಡವೆ ಕದ್ದುಬಿಡೋಣ ಅಂತ ವಿದೂಷಕ ಸಲಹೆ ಕೊಟ್ಟರೆ ಚಾರಿಷನ್ ಒಪ್ಪುವುದಿಲ್ಲ. ದೇವರ ಸಹಾಯ ಬೇಡುವವರು ಪಾಪ ಮಾಡುತ್ತಾ ಬೇಡಬಾರದು ಅನ್ನೋದು ಅವಳ ವಾದ. ಕೊನೆಗೆ ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸುತ್ತಾರೆ. ಅವರು ಕುಡಿದು ಕುಣಿದು ಬೀಳುತ್ತಾರೆ. ರಾಜನನ್ನು ಕಟ್ಟಿಹಾಕಿ, ಎಲ್ಲರೂ ಹಡಗು ಹತ್ತಿ ಪಾರಾಗುತ್ತಾರೆ.

ಗ್ರೀಕ್ ಸಾಹಿತ್ಯ ಬಲ್ಲವರಿಗೆ ಈ ಚೌಕಟ್ಟು ಹೊಸದಲ್ಲ. ಕ್ರಿ.ಪೂ. ಐದನೆಯ ಶತಮಾನದಲ್ಲಿ ಯೂರಿಪಿಡೀಸ್ ಬರೆದ ಇಫಿಗೇನಿಯಾಳ ನಾಟಕವೊಂದರಲ್ಲಿ ಕಪ್ಪು ಸಮುದ್ರದ ತೀರದ "ಅನಾಗರಿಕರ" ದೇವಾಲಯದಲ್ಲಿ ಸಿಕ್ಕಿಬಿದ್ದ ಅಕ್ಕನನ್ನು ತಮ್ಮ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಅದೇ ಕತೆಯನ್ನು ಐನೂರು ಅರುನೂರು ವರ್ಷದ ಮೇಲೆ ಯಾರೋ ಹಾಸ್ಯಕ್ಕೆ ತಿರುಗಿಸಿ, ಕಪ್ಪು ಸಮುದ್ರ ತೆಗೆದು ಭಾರತವನ್ನು ಹಾಕಿದ್ದಾರೆ. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2. ಭಾರತವೇ ಯಾಕೆ?

ಯಾಕೆಂದರೆ ಆ ಕಾಲದ ಈಜಿಪ್ಟಿನವರಿಗೆ ಭಾರತ ಅಂದರೆ ದಿನದ ಸುದ್ದಿ. ಕೆಂಪು ಸಮುದ್ರದ ಮಿಯೋಸ್ ಹಾರ್ಮೋಸ್ ಬಂದರಿನಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೋಗುತ್ತಿದ್ದವು ಅಂತ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಭಾರತ ಪ್ರತಿವರ್ಷ ಐದು ಕೋಟಿ ಸೆಸ್ಟರ್ಸ್ ಹಣವನ್ನು ನಮ್ಮಿಂದ ಎಳೆದುಕೊಳ್ಳುತ್ತಿದೆ ಅಂತ ಗೊಣಗಿದವನು ಪ್ಲಿನಿ. ಇವನು ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತವನು. ಕೇರಳದ ಮುಜಿರಿಸ್ ಬಂದರಿನಿಂದ ಹಿಂತಿರುಗುವ ಸರಕಿನ ಬಗ್ಗೆ ಮಾಡಿಕೊಂಡ ಸಾಲದ ಕರಾರೊಂದು ಪಪೈರಸ್ ಮೇಲೆ ಉಳಿದಿದೆ. ಅದೂ ಎರಡನೆಯ ಶತಮಾನದ್ದೇ. ಅದರಲ್ಲಿ ಹಡಗಿನ ಹೆಸರೂ ಇದೆ: ಹರ್ಮಪೋಲನ್. ಮೆಣಸಿನ ಘಾಟು ಮೂಗಿಗೆ ಹತ್ತಿದ ಪ್ರೇಕ್ಷಕರು ಅವರು. "ಭಾರತದ ತೀರ" ಅಂದ ಕೂಡಲೇ ಕಿವಿ ನಿಮಿರುತ್ತಿತ್ತು.

ನಮ್ಮ ಕರಾವಳಿಯ ಬಗ್ಗೆ ಅವರಿಗೆ ಬೇರೆಯದೇ ಒಂದು ಭಯವೂ ಇತ್ತು. ಮುಜಿರಿಸ್‌ಗೆ ಹೋಗುವುದು ಅಷ್ಟು ಒಳ್ಳೆಯದಲ್ಲ, ಹತ್ತಿರದಲ್ಲೇ ನಿಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಅಂತ ಪ್ಲಿನಿ ಎಚ್ಚರಿಸುತ್ತಾನೆ. ಈ ನಿಟ್ರಿಯಾಸ್ ನೇತ್ರಾವತಿಯ ಆಸುಪಾಸು, ಅಂದರೆ ಮಂಗಳೂರು ಕಡೆ ಇರಬಹುದು ಅಂತ ಕೆಲವು ವಿದ್ವಾಂಸರ ಊಹೆ. ಕ್ರಿ.ಶ. ಸುಮಾರು 150ರಲ್ಲಿ ಟಾಲೆಮಿ ತನ್ನ ಭೂಗೋಳದಲ್ಲಿ ಇದೇ ಪಶ್ಚಿಮ ಕರಾವಳಿಯ ಒಂದು ಭಾಗವನ್ನು ಕಡಲ್ಗಳ್ಳರ ನಾಡು ಅಂತಲೇ ಗುರುತಿಸುತ್ತಾನೆ. ಒಳನಾಡಿನ ಊರುಗಳ ಪಟ್ಟಿಯಲ್ಲಿ ಬನವಾಸಿಯ ಹೆಸರೂ ಇದೆ.

ರೋಮಿನ ದುಡ್ಡು ಕರ್ನಾಟಕಕ್ಕೆ ಬಂದದ್ದಂತೂ ಖಚಿತ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಮೆಜೆಸ್ಟಿಕ್‌ನಿಂದ ತುಮಕೂರು ಬಸ್ ಹತ್ತುವವರು ಈಗ ಅದೇ ನೆಲದ ಮೇಲೆ ಟ್ರಾಫಿಕ್‌ನಲ್ಲಿ ನಿಂತಿರುತ್ತಾರೆ.

3. ಹಾಗಾದರೆ ಅದು ಕನ್ನಡವೇ?

ಈಗ ಮುಖ್ಯ ಪ್ರಶ್ನೆ. ನಾಟಕದಲ್ಲಿ ಭಾರತೀಯ ಪಾತ್ರಗಳು ಕೆಲವೆಡೆ ಗ್ರೀಕ್ ಅಲ್ಲದ ಭಾಷೆಯಲ್ಲಿ ಮಾತಾಡುತ್ತವೆ. ಬರೆದಿರುವುದು ಗ್ರೀಕ್ ಅಕ್ಷರದಲ್ಲೇ. ಇದು ಬರೀ ಗಿಲಿಬಿಲಿಯೋ, ನಿಜವಾದ ಭಾಷೆಯೋ?

1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಜ್, ಇದರಲ್ಲಿ ಕನ್ನಡ ಇದೆ ಅಂತ ಲೇಖನ ಬರೆದರು. ಮದ್ರಾಸ್ ಸರ್ಕಾರದಲ್ಲಿ ಕೆಲಸ ಮಾಡಿ ದಕ್ಷಿಣದ ಶಾಸನಗಳನ್ನು ಚೆನ್ನಾಗಿ ಬಲ್ಲವರು ಅವರು. ಕುಡಿಯುವ ದೃಶ್ಯದ ಮಾತುಗಳಲ್ಲಿ ಅವರಿಗೆ ಬೇರೆ, ಕೊಂಚ, ಮಧು, ಪಾತ್ರ ಎಂಬಂಥ ಪದಗಳು ಕೇಳಿಸಿದವು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಈ ವಾದವನ್ನು ಬೆಂಬಲಿಸಿದರು. ಮಂಜೇಶ್ವರದ ಎಂ. ಗೋವಿಂದ ಪೈ, ಇತಿಹಾಸಕಾರ ಬಿ.ಎ. ಸಾಲೆತ್ತೂರು ಇಬ್ಬರೂ ಕತೆ ನಡೆಯುವ ಜಾಗವನ್ನು ನಮ್ಮ ಕರಾವಳಿಯಲ್ಲೇ ಹುಡುಕಿದರು. ಮುಂದೆ ಕೆಲವರು ಅದು ಕನ್ನಡವಲ್ಲ, ತುಳು ಅಂದರು. ಇನ್ನೊಂದು ಕಡೆ, 1926ರಲ್ಲಿ ಲಂಡನ್ನಿನ ಎಲ್.ಡಿ. ಬಾರ್ನೆಟ್ ಇಡೀ ವಾದವನ್ನೇ ಒಪ್ಪದೆ ಲೇಖನ ಬರೆದರು. ವಿದ್ವಾಂಸರು ಇಂದಿಗೂ ಒಂದು ಮಾತಿಗೆ ಬಂದಿಲ್ಲ.

ಯಾಕೆ ಇಷ್ಟು ಕಷ್ಟ? ನಾವೇ ಒಂದೊಂದಾಗಿ ಪರೀಕ್ಷೆ ಮಾಡಿ ನೋಡಬಹುದು.

ಒಂದು, ಲಿಪಿಯ ತೊಂದರೆ. ಗ್ರೀಕ್ ಅಕ್ಷರದಲ್ಲಿ ಟ ಡ ಣ ಳ ಇಲ್ಲ, ಚ ಜ ಇಲ್ಲ. ಪದಗಳ ನಡುವೆ ಜಾಗ ಬಿಡುವ ಪದ್ಧತಿಯೂ ಆಗ ಇರಲಿಲ್ಲ. ಭಾಷೆ ಬಾರದ ಲಿಪಿಕಾರ ಒಬ್ಬ, ಮತ್ತೊಬ್ಬನ ಪ್ರತಿ ನೋಡಿ ನಕಲು ಮಾಡಿರುತ್ತಾನೆ. ಪದವನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು, ಕತ್ತರಿಸಿದ ಕಡೆ ಬೇರೆ ಬೇರೆ ಅರ್ಥ ಬರಬಹುದು.

ಎರಡು, ಪದಗಳ ತೊಂದರೆ. ಮಧು, ಪಾತ್ರ ಸಂಸ್ಕೃತದ ಪದಗಳು. ಇವು ಭಾರತದ ಯಾವ ಭಾಷೆಯಲ್ಲೂ ಇರಬಹುದು, ಕನ್ನಡಕ್ಕೆ ಸಾಕ್ಷಿ ಆಗುವುದಿಲ್ಲ. ಕೊಂಚ ದ್ರಾವಿಡ ಪದ, ಸರಿ. ಆದರೆ ತಮಿಳಿನ ಗೆಳೆಯರು "ಕೊಂಜಂ" ಅನ್ನೋದನ್ನ ನೀವು ಇಲ್ಲಿ ದಿನಾ ಕೇಳ್ತೀರಿ.

ಮೂರು, ಧ್ವನಿಯ ತೊಂದರೆ. ತಮಿಳಿನ "ವೇರು" ನಮ್ಮಲ್ಲಿ "ಬೇರೆ". ಗ್ರೀಕಿನ ಬೀಟಾ ಅಕ್ಷರ ಅಲ್ಲಿ ಇರುವುದರಿಂದ ಇದು ಕನ್ನಡವೇ ಅನ್ನಬಹುದಲ್ವಾ? ಅನ್ನಲಾಗದು. ಅದೇ ಶತಮಾನಗಳಲ್ಲಿ ಗ್ರೀಕರ ಬಾಯಲ್ಲೇ ಬೀಟಾ ಬಕಾರದಿಂದ ವಕಾರದ ಕಡೆಗೆ ಜಾರುತ್ತಿತ್ತು.

ನಾಲ್ಕು, ಕಾಲದ ತೊಂದರೆ. ಹಾಲು ಹಿಂದೆ ಪಾಲ್ ಆಗಿತ್ತು, ಹಾವು ಪಾವು ಆಗಿತ್ತು, ಹೂವು ಪೂ ಆಗಿತ್ತು. ಪಕಾರ ಹಕಾರವಾದದ್ದು ನಾಟಕದ ಕಾಲಕ್ಕಿಂತ ನೂರಾರು ವರ್ಷ ಆಮೇಲೆ. ಹಾಗಿದ್ದಾಗ ಎರಡನೆಯ ಶತಮಾನದ ಬರಹದಲ್ಲಿ "ಹಾಕಿ" ಎಂಬ ಇವತ್ತಿನ ರೂಪವನ್ನು ಯಾರಾದರೂ ಓದಿ ತೋರಿಸಿದರೆ, ಅದಕ್ಕೆ ಬೇರೆ ಸಮರ್ಥನೆ ಕೊಡಬೇಕಾಗುತ್ತೆ.

ಐದು, ಕತೆಯ ತೊಂದರೆ. ಮೇಲೆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಚೌಕಟ್ಟು ಬೇರೆ ಕಡೆಯಿಂದ ಬಂದದ್ದು. ಕಡಲತೀರದ ದೇವಾಲಯ, ಸೆರೆಸಿಕ್ಕ ಹೆಣ್ಣು, ಬಿಡಿಸಲು ಬರುವ ಸೋದರ ಇವೆಲ್ಲ ಯೂರಿಪಿಡೀಸ್‌ನಲ್ಲೇ ಇವೆ. ಹಾಗಾಗಿ "ಈ ದೇವಾಲಯ ಮಲ್ಪೆಯದೋ, ಇನ್ನೆಲ್ಲಿಯದೋ" ಅಂತ ನಕ್ಷೆ ಹಿಡಿದು ಹುಡುಕುವುದಕ್ಕೆ ಆಧಾರ ತೆಳುವಾಗುತ್ತೆ. ಭಾರತೀಯರಿಗೆ ದ್ರಾಕ್ಷಾರಸದ ಅಭ್ಯಾಸವಿಲ್ಲ ಅನ್ನೋದೂ ರಂಗದ ಹಾಸ್ಯವೇ. ಮೊದಲ ಶತಮಾನದ "ಪೆರಿಪ್ಲಸ್" ಎಂಬ ನಾವಿಕರ ಕೈಪಿಡಿಯಲ್ಲಿ ಭಾರತದ ಬಂದರುಗಳಿಗೆ ಬರುವ ಸರಕಿನಲ್ಲಿ ದ್ರಾಕ್ಷಾರಸವೂ ಇದೆ. ಗುಜರಾತಿನ ಭರೂಚಿನಲ್ಲಿ ಇಟಲಿಯದಕ್ಕೇ ಹೆಚ್ಚು ಬೇಡಿಕೆ ಅಂತ ಅದು ಹೇಳುತ್ತೆ.

ಇಷ್ಟು ಹೇಳಿದ್ದು ಹುಲ್ಟ್ಜ್ ಅಥವಾ ಗೋವಿಂದ ಪೈ ಅವರನ್ನು ತಳ್ಳಿಹಾಕಲು ಅಲ್ಲ. ಈಜಿಪ್ಟಿಗೂ ನಮ್ಮ ತೀರಕ್ಕೂ ವ್ಯಾಪಾರ ಇತ್ತು, ನಾವಿಕರು ತಿಂಗಳುಗಟ್ಟಲೆ ಗಾಳಿ ತಿರುಗುವುದಕ್ಕೆ ಕಾದು ಇಲ್ಲಿ ತಂಗುತ್ತಿದ್ದರು, ನಾಲ್ಕು ಮಾತು ಕಲಿತು ಹೋಗಿ ಅಲ್ಲಿಯ ನಟರಿಗೆ ಹೇಳಿಕೊಟ್ಟಿರಬಹುದು. ಸಾಧ್ಯತೆ ಇದ್ದೇ ಇದೆ. ಆದರೆ ನಮ್ಮ ಮೊದಲ ದೊಡ್ಡ ಶಾಸನ ಎನ್ನುವ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ನಾಟಕದ ಮಾತು ಕನ್ನಡವೇ ಆದರೆ ಕನ್ನಡದ ಮೊದಲ ವಾಕ್ಯಗಳು ಅದಕ್ಕಿಂತ ಇನ್ನೂರೈವತ್ತು ವರ್ಷಕ್ಕೂ ಹಿಂದೆ ಹೋಗುತ್ತವೆ. ಹಕ್ಕು ದೊಡ್ಡದಾದಷ್ಟೂ ಪುರಾವೆಯೂ ದೊಡ್ಡದಿರಬೇಕು.

ಗಟ್ಟಿ ಪುರಾವೆ ಹೇಗಿರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ನೋಡಿ. ಕೆಂಪು ಸಮುದ್ರದ ಬೆರೆನಿಕೆ ಬಂದರಿನಲ್ಲಿ ಸಿಕ್ಕ ಮಡಕೆ ಚೂರಿನ ಮೇಲೆ ತಮಿಳು-ಬ್ರಾಹ್ಮಿ ಲಿಪಿಯಲ್ಲೇ ಒಂದು ತಮಿಳು ಹೆಸರಿದೆ. ಅಲ್ಲೇ ಒಂದು ದೇವಾಲಯದಲ್ಲಿ ಏಳು ಕಿಲೋಗೂ ಹೆಚ್ಚು ಕರಿಮೆಣಸೂ ಸಿಕ್ಕಿದೆ. ಅಲ್ಲಿ ತಮಿಳರಿದ್ದರು ಅನ್ನೋದಕ್ಕೆ ಬೇರೆಯವರ ಕಿವಿಯನ್ನು ನಂಬಬೇಕಿಲ್ಲ, ಅವರ ಕೈಬರಹವೇ ಸಾಕ್ಷಿ. ನಮಗೆ ಅಂಥದ್ದು ಇನ್ನೂ ಸಿಕ್ಕಿಲ್ಲ. ಇದನ್ನು ಒಪ್ಪಿಕೊಂಡರೆ ಕನ್ನಡ ಚಿಕ್ಕದಾಗುವುದಿಲ್ಲ. ಒಪ್ಪಿಕೊಳ್ಳದೆ ವಾಟ್ಸಾಪ್ ಸಂದೇಶವನ್ನೇ ಅಸೈನ್‌ಮೆಂಟಿನಲ್ಲಿ ಬರೆದರೆ ಮಾತ್ರ ನಮ್ಮ ಮಾತಿನ ತೂಕ ಚಿಕ್ಕದಾಗುತ್ತೆ.

4. ಇನ್ನೊಂದು ಕತೆ: ಕೆಡಾಹ್‌ನಿಂದ ರೋಮಿಗೆ

ಈಗ ಈ ಕಡಲಿನ ಇನ್ನೊಂದು ಮಗ್ಗುಲಿಗೆ ಬರೋಣ. ಟಾಲೆಮಿ ಬನವಾಸಿಯನ್ನು ಹೆಸರಿಸಿದ ಅದೇ ಗ್ರಂಥದಲ್ಲಿ "ಚಿನ್ನದ ಪರ್ಯಾಯದ್ವೀಪ" ಎಂಬ ನಾಡು ಬರುತ್ತೆ. ಅದು ನಾವೀಗ ಇರುವ ಈ ಮಲಯ ಪರ್ಯಾಯದ್ವೀಪ ಅಂತ ಸಾಮಾನ್ಯವಾಗಿ ಗುರುತಿಸುತ್ತಾರೆ. ಭೂಗೋಳಜ್ಞ ಪಾಲ್ ವೀಟ್ಲಿ ಇದರ ಬಗ್ಗೆ "ದ ಗೋಲ್ಡನ್ ಖೆರ್ಸೊನೀಸ್" ಎಂಬ ಪುಸ್ತಕ ಬರೆದರು. 1961ರಲ್ಲಿ ಅದನ್ನು ಹೊರತಂದದ್ದು ಕ್ವಾಲಾಲಂಪುರದ ಯೂನಿವರ್ಸಿಟಿ ಆಫ್ ಮಲಯಾ ಪ್ರೆಸ್. ಗ್ರಂಥಾಲಯದಲ್ಲಿ ಸಿಕ್ಕರೆ ತಿರುವಿ ಹಾಕಿ.

ಕೆಡಾಹ್ ರಾಜವಂಶದ ಹುಟ್ಟಿನ ಕತೆ ಹೇಳುವ ಮಲಯ ಗ್ರಂಥ "ಹಿಕಾಯತ್ ಮೆರೋಂಗ್ ಮಹಾವಂಗ್ಸ". ಮಹಾವಂಗ್ಸ ಅಂದರೆ ನಮ್ಮ ಮಹಾವಂಶವೇ. ಕತೆ ಶುರುವಾಗುವುದು ರೂಮ್ ರಾಜನ ಮಗನ ಮದುವೆಯಿಂದ. ಹಾಸ್ಟೆಲ್ ರೂಮ್ ಅಲ್ಲ! ಮಲಯದಲ್ಲಿ ರೂಮ್ ಅಂದರೆ ರೋಮ್, ಹೆಚ್ಚಾಗಿ ಪೂರ್ವದ ರೋಮ್ ಆದ ಕಾನ್‌ಸ್ಟಾಂಟಿನೋಪಲ್, ಆಮೇಲೆ ಅಲ್ಲಿ ಆಳಿದ ತುರ್ಕರ ನಾಡು. ರೂಮ್ ರಾಜಕುಮಾರನಿಗೆ ಚೀನಾದ ರಾಜಕುಮಾರಿ. ಈ ಮದುವೆ ಆಗಗೊಡುವುದಿಲ್ಲ ಅಂತ ಪಂತ ಕಟ್ಟಿದವನು ಯಾರು ಗೊತ್ತಾ? ಗರುಡ! ಪಂತ ಕಟ್ಟಿದ್ದು ಪ್ರವಾದಿ ಸುಲೈಮಾನ್ ಎದುರು. ರಾಜಕುಮಾರಿಯನ್ನು ಗರುಡ ಎತ್ತಿಕೊಂಡು ಹೋಗಿ ಲಂಕಾವಿ ದ್ವೀಪದಲ್ಲಿ ಬಚ್ಚಿಡುತ್ತೆ. ರಾಜಕುಮಾರನ ಹಡಗುಗಳ ಮೇಲೆ ಬಿರುಗಾಳಿ ಎಬ್ಬಿಸಿ ಎರಗುತ್ತೆ. ಹಡಗುಪಡೆಯ ಜೊತೆ ಬಂದ ವೀರ ಮೆರೋಂಗ್ ಮಹಾವಂಗ್ಸ ಬಾಣಗಳಿಂದ ಎದುರಿಸುತ್ತಾನೆ. ಕೊನೆಗೆ ಹಡಗುಗಳು ಒಡೆದು, ರಾಜಕುಮಾರ ತೇಲಿಕೊಂಡು ಅದೇ ಲಂಕಾವಿಗೆ ಬಂದು ಬೀಳುತ್ತಾನೆ. ಗರುಡ ಯಾವುದನ್ನು ತಪ್ಪಿಸಲು ಹೋಯಿತೋ ಅದೇ ನಡೆಯಿತು. ಪಂತ ಸೋತ ಗರುಡ ಮನುಷ್ಯರ ನಾಡು ಬಿಟ್ಟು ಹೋಗಬೇಕಾಯಿತು. ಮೆರೋಂಗ್ ಮಹಾವಂಗ್ಸ ತೀರದಲ್ಲಿ ಇಳಿದು ಲಂಕಾಸುಕ ಎಂಬ ರಾಜ್ಯ ಕಟ್ಟಿದ.

ವಿಷ್ಣುವಿನ ವಾಹನ ಇಲ್ಲಿ ಖಳನಾಯಕ ಆಗಿರೋದು ನಮಗೆ ವಿಚಿತ್ರ ಅನ್ನಿಸಬಹುದು. ಆದರೆ ಗರುಡ, ಸುಲೈಮಾನ್, ರೂಮ್, ಚೀನಾ ಎಲ್ಲ ಒಂದೇ ಕತೆಯಲ್ಲಿ ಬಂದಿರುವುದೇ ಕೆಡಾಹ್ ಎಂಥ ಜಾಗ ಅನ್ನೋದನ್ನ ಹೇಳುತ್ತೆ. ಪಶ್ಚಿಮದ ಹಡಗು, ಪೂರ್ವದ ಹಡಗು ಎರಡೂ ಗಾಳಿಗೆ ಕಾದು ನಿಲ್ಲುವ ಬಂದರು ಅದು. ಯಾರ್ಯಾರು ಬಂದರೋ ಅವರವರ ಕತೆ ಅಲ್ಲಿ ಉಳಿಯಿತು.

ಈ ಗ್ರಂಥವನ್ನು 1849ರಲ್ಲಿ ಇಂಗ್ಲಿಷಿಗೆ ತಂದವರು ಬ್ರಿಟಿಷ್ ಅಧಿಕಾರಿ ಜೇಮ್ಸ್ ಲೋ. ಅದಕ್ಕೂ ಮುಂಚೆ ಅವರೇ ಈಗಿನ ಸೆಬೆರಾಂಗ್ ಪೆರೈ ಪ್ರದೇಶದಲ್ಲಿ ಒಂದು ಕಲ್ಲುಬರಹ ಪತ್ತೆ ಮಾಡಿದ್ದರು. ಬುದ್ಧಗುಪ್ತ ಎಂಬ ಮಹಾನಾವಿಕ ತನ್ನ ಪಯಣ ಸುಖವಾಗಲಿ ಅಂತ ಕೆತ್ತಿಸಿದ ಸಂಸ್ಕೃತ ಶಾಸನ ಅದು, ಐದನೆಯ ಶತಮಾನದ್ದು. ಹಲ್ಮಿಡಿ ಶಾಸನದ ಹೆಚ್ಚುಕಡಿಮೆ ಸಮಕಾಲೀನ. ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಒಬ್ಬರೇ ವ್ಯಕ್ತಿಯ ಕೈಗೆ ಎರಡೂ ಸಿಕ್ಕವು ನೋಡಿ: ಹಾರುವ ಗರುಡನ ಕತೆ, ಮತ್ತು ನಿಜವಾದ ಒಬ್ಬ ನಾವಿಕನ ಪ್ರಾರ್ಥನೆ. ಒಂದನ್ನು ಕತೆಯಾಗಿ, ಇನ್ನೊಂದನ್ನು ದಾಖಲೆಯಾಗಿ ಓದುವುದು ಕಲಿತರೆ ಎರಡೂ ನಮಗೆ ಬೇಕು.

2011ರಲ್ಲಿ ಈ ಕತೆ ಸಿನಿಮಾ ಆಯಿತು. ಹೆಸರು ಮೂಲದ್ದೇ, ನಿರ್ದೇಶಕ ಯುಸ್ರಿ ಅಬ್ದುಲ್ ಹಲೀಂ. ಇಂಗ್ಲಿಷಿನಲ್ಲಿ "ದ ಮಲಯ್ ಕ್ರಾನಿಕಲ್ಸ್: ಬ್ಲಡ್‌ಲೈನ್ಸ್". ಅದರಲ್ಲಿ ರೂಮ್ ಪೂರ್ತಿ ರೋಮ್ ಆಗಿದೆ. ರಾಜಕುಮಾರನಿಗೆ ಮಾರ್ಕಸ್ ಎಂಬ ರೋಮನ್ ಹೆಸರು ಬಂದಿದೆ. ರಾಜಕುಮಾರಿ ಹಾನ್ ವಂಶದವಳು. ಕಾಲ ಎರಡನೆಯ ಶತಮಾನ, ಅಂದರೆ ಚಾರಿಷನ್ ನಾಟಕದ ಕಾಲವೇ. ರೋಮನ್ ಹಡಗುಗಳು ದಾರಿಯಲ್ಲಿ ನಮ್ಮ ಕಾರವಾರದ ಪಕ್ಕದ ಗೋವಾದಲ್ಲಿ ನಿಲ್ಲುತ್ತವೆ. ಗರುಡ ಹಕ್ಕಿ ಹೋಗಿ ಅದೇ ಹೆಸರಿನ ಕಡಲ್ಗಳ್ಳರ ಗುಂಪು ಬಂದಿದೆ. ಇಂದಿನ ಪ್ರೇಕ್ಷಕನಿಗೆ ಪುರಾಣಕ್ಕಿಂತ "ಇತಿಹಾಸ" ರುಚಿಸುತ್ತೆ, ಅದಕ್ಕೇ ಹಕ್ಕಿಯ ರೆಕ್ಕೆ ಕತ್ತರಿಸಿ ಇಸವಿ ಅಂಟಿಸಿದ್ದಾರೆ. ಸಿನಿಮಾ ನೋಡಿ ಖುಷಿಪಡಿ, ಅಡ್ಡಿಯಿಲ್ಲ. ಇಸವಿ ಹಾಕಿದ ಮಾತ್ರಕ್ಕೆ ಕತೆ ಇತಿಹಾಸ ಆಗುವುದಿಲ್ಲ ಅನ್ನೋದು ತಲೆಯಲ್ಲಿರಲಿ.

5. ಯಾರಿಗೆ ಮಾತು, ಯಾರಿಗೆ ಗದ್ದಲ

ಎರಡು ಕತೆಗಳನ್ನು ಅಕ್ಕಪಕ್ಕ ಇಡೋಣ.

ಚಾರಿಷನ್ ನಾಟಕ ಹೇಳುವವನು ಈಜಿಪ್ಟಿನಲ್ಲಿ ನಿಂತಿದ್ದಾನೆ. ಅವನಿಗೆ ಭಾರತದ ತೀರ ಲೋಕದ ಅಂಚು. ಅಲ್ಲಿಯವರು ಕುಡಿಯುತ್ತಾರೆ, ಕುಣಿಯುತ್ತಾರೆ, ಮೋಸಹೋಗುತ್ತಾರೆ. ಅವರ ಬಾಯಿಂದ ಬರುವುದು ಪ್ರೇಕ್ಷಕರಿಗೆ ಅರ್ಥವಾಗದ ಸದ್ದು, ಡೋಲಿನ ಸದ್ದಿನ ಜೊತೆ ಸೇರಿಹೋಗುವ ಸದ್ದು. ಕೆಡಾಹ್ ಕತೆ ಹೇಳುವವನಿಗೆ ಅಂಚಿನಲ್ಲಿರುವುದು ರೂಮ್ ಮತ್ತು ಚೀನಾ, ನಡುವೆ ಇರುವುದು ತನ್ನ ಊರು. ಅವನ ಕತೆಯಲ್ಲಿ ರೂಮ್‌ನವರೂ, ಚೀನಾದವರೂ, ಗರುಡನೂ ಒಳ್ಳೆಯ ಮಲಯ ಮಾತಾಡುತ್ತಾರೆ. ಯಾರೂ ಗಿಲಿಬಿಲಿ ಮಾಡುವುದಿಲ್ಲ.

ಈಗ ಆ ವಾಟ್ಸಾಪ್ ಸಂದೇಶವನ್ನು ಮತ್ತೊಮ್ಮೆ ಓದಿ. ನಾಟಕದಲ್ಲಿ ಕನ್ನಡ ಇದೆ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ನಮ್ಮ ಭಾಷೆಯ ಮೊದಲ ದಾಖಲೆ ಏನಾಗುತ್ತೆ? ಬೇರೆಯವರ ರಂಗದ ಮೇಲೆ, ಬೇರೆಯವರು ನಗಲಿ ಅಂತ, ಅರ್ಥವಾಗಬಾರದು ಅಂತಲೇ ಬಳಸಿದ ಮಾತು. ಹೆಮ್ಮೆಪಡುವ ಮುಂಚೆ ಇದನ್ನೂ ಯೋಚಿಸಬೇಕು. ಅರ್ಥವಾಗದ ಭಾಷೆಯವರನ್ನು ಗ್ರೀಕರು "ಬಾರ್ಬರೋಸ್" ಅಂದರು, "ಬರ್ ಬರ್" ಅಂತ ಸದ್ದು ಮಾಡುವವರು ಅಂತ. ನಮ್ಮವರೂ ಹಿಂದೆ ಬಿದ್ದಿಲ್ಲ. ಸಂಸ್ಕೃತದ "ಮ್ಲೇಚ್ಛ" ಪದವೂ ಅಸ್ಪಷ್ಟವಾಗಿ ಮಾತಾಡುವವನು ಎಂಬ ಅರ್ಥದಿಂದಲೇ ಬೆಳೆದದ್ದು. ಕನ್ನಡ ಸಿನಿಮಾಗಳ "ಎನ್ನಡ ಎಕ್ಕಡ" ಹಾಸ್ಯ ಮಾಡುವುದೂ ಅದನ್ನೇ.

ಇಲ್ಲಿ ಓದುವ ನಮಗೆ ಈ ವಿಷಯ ಪುಸ್ತಕದ್ದು ಮಾತ್ರ ಅಲ್ಲ. ಮಲೇಷ್ಯಾದಲ್ಲಿ ಭಾರತೀಯರು ಅಂದರೆ ತಮಿಳು ಅನ್ನೋದು ಸಾಮಾನ್ಯ ಎಣಿಕೆ. ಕ್ಯಾಂಟೀನಿನಲ್ಲಿ ನಾವು ನಾಲ್ಕು ಜನ ಕನ್ನಡ ಮಾತಾಡ್ತಾ ಕೂತರೆ ಪಕ್ಕದ ಟೇಬಲ್ಲಿಗೆ ಅದು ಇನ್ನೊಂದು ತಮಿಳು, ಇಲ್ಲವೇ ಬರೀ ಗದ್ದಲ. ಅದು ಅವರ ತಪ್ಪಲ್ಲ. ನಮಗೂ ಕೆಲಾಂತಾನ್ ಮಲಯಕ್ಕೂ ಕೆಡಾಹ್ ಮಲಯಕ್ಕೂ ಇರುವ ವ್ಯತ್ಯಾಸ ಗೊತ್ತಾಗಲ್ಲ. ಗದ್ದಲ ಅನ್ನೋದು ಮಾತಿನಲ್ಲಿ ಇರಲ್ಲ, ಕೇಳುವವನ ಕಿವಿಯಲ್ಲಿ ಇರುತ್ತೆ.

6. ನಮ್ಮ ಕಡೆಯಿಂದ ಕತೆ

ಹಾಗಾದರೆ ಆ ತೀರದವರ ಕತೆಯನ್ನು ಯಾರು ಹೇಳಬೇಕು? ಇಲ್ಲಿ ಐತಿಹಾಸಿಕ ಕಾದಂಬರಿಗೆ ಕೆಲಸ ಇದೆ. ಪುರಾವೆ ನಿಂತಲ್ಲಿ ವಿದ್ವಾಂಸ ನಿಲ್ಲಬೇಕು. ಕಾದಂಬರಿಕಾರ ಅಲ್ಲಿಂದ ಮುಂದೆ ನಡೆಯಬಹುದು. ಆದರೆ ತಾನು ನಡೆಯುತ್ತಿರುವುದು ಕಲ್ಪನೆಯಲ್ಲಿ ಅಂತ ಅವನಿಗೂ ಓದುಗನಿಗೂ ತಿಳಿದಿರಬೇಕು.

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಯ ಪರಂಪರೆ ದೊಡ್ಡದು. ಗಳಗನಾಥರಿಂದ ಮಾಸ್ತಿಯವರ "ಚಿಕವೀರ ರಾಜೇಂದ್ರ", ತ.ರಾ.ಸು. ಅವರ "ದುರ್ಗಾಸ್ತಮಾನ"ದವರೆಗೆ ನೋಡಿದರೆ ಹೆಚ್ಚಿನವು ಕೋಟೆ, ಸಿಂಹಾಸನ, ರಾಜವಂಶದ ಕತೆಗಳು. ಕಡಲು ದಾಟುವ ಕತೆ ಕಡಿಮೆ. 2019ರಲ್ಲಿ ಬಂದ ವಸುಧೇಂದ್ರ ಅವರ "ತೇಜೋ ತುಂಗಭದ್ರಾ" ಆ ಕೊರತೆ ತುಂಬಿತು. ಒಂದು ತುದಿಯಲ್ಲಿ ತೇಜೋ ನದಿಯ ಲಿಸ್ಬನ್, ಇನ್ನೊಂದು 
ತುದಿಯಲ್ಲಿ ತುಂಗಭದ್ರೆಯ ವಿಜಯನಗರ. ಎರಡೂ ದಡದ ಸಾಮಾನ್ಯ ಜನಕ್ಕೆ ಅದರಲ್ಲಿ ಬಾಯಿದೆ, ನೋವಿದೆ, ಮೂರ್ಖತನವೂ ಇದೆ. 1510ರಲ್ಲಿ ಗೋವಾ ಹಿಡಿದ ಆಲ್ಬುಕರ್ಕನೇ ಮರುವರ್ಷ ನಮ್ಮ ಈ ಮಲಾಕ್ಕಾವನ್ನೂ ಹಿಡಿದ ಅನ್ನೋದನ್ನ ನೆನೆದರೆ ಆ ಕಾದಂಬರಿ ಇಲ್ಲಿಯ ಓದುಗನಿಗೆ ಇನ್ನೂ ಹತ್ತಿರವಾಗುತ್ತೆ.

ಇನ್ನೊಂದು ದಾರಿ ಅಮಿತಾವ್ ಘೋಷ್ ಅವರದು. 1992ರ "ಇನ್ ಆ್ಯನ್ ಆಂಟೀಕ್ ಲ್ಯಾಂಡ್" ಪುಸ್ತಕದಲ್ಲಿ ಅವರು ಕೈರೋದಲ್ಲಿ ಉಳಿದ ಹಳೆಯ ಯೆಹೂದಿ ಪತ್ರಗಳನ್ನು ಹಿಡಿದು, ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ವ್ಯಾಪಾರಿ ಬೆನ್ ಯಿಜುವಿನ ಆಳು ಬೊಮ್ಮನನ್ನು ಹುಡುಕುತ್ತಾ ಬರುತ್ತಾರೆ. ಮತ್ತೆ ಈಜಿಪ್ಟಿನ ಹಳೆಯ ಕಾಗದ, ಮತ್ತೆ ನಮ್ಮ ಕರಾವಳಿ! ಪತ್ರಗಳಲ್ಲಿ ಅಲ್ಲಲ್ಲಿ ಬರುವ ಒಂದು ಹೆಸರಿಗೆ ಅವರು ಊರು, ಭಾಷೆ, ನಂಬಿಕೆಗಳ ಹಿನ್ನೆಲೆ ಹುಡುಕಿದರು. ಎಲ್ಲಿ ಪತ್ರ ಹೇಳುತ್ತಿದೆ, ಎಲ್ಲಿ ತಾನು ಊಹಿಸುತ್ತಿದ್ದೇನೆ ಅನ್ನೋದನ್ನು ಮುಚ್ಚಿಡಲಿಲ್ಲ.

ಚಾರಿಷನ್ ನಾಟಕಕ್ಕೂ ಕನ್ನಡದಲ್ಲಿ ಅಂಥ ಒಂದು ಮರುಕತೆ ಬಂದರೆ ಎಷ್ಟು ಚೆನ್ನ. ಬೇಟೆ ಮುಗಿಸಿ ಬಿಲ್ಲು ಹಿಡಿದು ಬರುವ ಆ ಹೆಂಗಸರಿಂದಲೇ ಶುರು ಮಾಡಬಹುದು. ಮೂಲದಲ್ಲಿ ಅವರಿಗೆ ಹೆಸರಿಲ್ಲ. ತಮ್ಮ ತೀರಕ್ಕೆ ಬಂದು ನಿಂತ ಹಡಗು, ಅದರಿಂದ ಇಳಿದ ವಿಚಿತ್ರ ಬಟ್ಟೆಯ ಗಂಡಸರು, ಅವರ ಬಾಯಿಂದ ಬರುವ ಗಿಲಿಬಿಲಿ ಗ್ರೀಕ್! ಮಾರನೆಯ ದಿನ ಎದ್ದು ನೋಡಿದರೆ ರಾಜನನ್ನು ಕಟ್ಟಿಹಾಕಿದ್ದಾರೆ, ಹಡಗು ಮಾಯ. ಇದು ಅವರ ಪಾಲಿಗೆ ಸಾಹಸಕತೆಯೋ, ದರೋಡೆಯೋ?

ಚರ್ಚೆಗೆ ಮತ್ತು ಅಭ್ಯಾಸಕ್ಕೆ

1. ಈ ಲೇಖನದಲ್ಲಿ ಬಂದ ಹತ್ತು ಸಂಗತಿ ಆರಿಸಿಕೊಂಡು ಖಚಿತ, ಊಹೆ, ಕಲ್ಪನೆ ಎಂದು ಮೂರು ಗುಂಪು ಮಾಡಿ. ಪ್ರತಿಯೊಂದಕ್ಕೂ ಕಾರಣ ಒಂದು ಸಾಲಿನಲ್ಲಿ ಬರೆಯಿರಿ.

2. ನಿಮಗೆ ಗೊತ್ತಿಲ್ಲದ ಭಾಷೆಯ ಗೆಳೆಯರಿಂದ ಐದು ವಾಕ್ಯ ಹೇಳಿಸಿಕೊಂಡು ಕನ್ನಡ ಲಿಪಿಯಲ್ಲಿ, ಪದಗಳ ನಡುವೆ ಜಾಗ ಬಿಡದೆ ಬರೆಯಿರಿ. ಅದನ್ನು ಇನ್ನೊಬ್ಬರು ನಕಲು ಮಾಡಲಿ. ಆಮೇಲೆ ಮೊದಲು ಹೇಳಿದವರಿಗೇ ಓದಿ ಹೇಳಿ. ಎಷ್ಟು ಉಳಿಯಿತು? ಹುಲ್ಟ್ಜ್ ಮತ್ತು ಬಾರ್ನೆಟ್ ಇಬ್ಬರ ಕಷ್ಟವೂ ಅರ್ಥವಾಗುತ್ತೆ.

3. ಕೆಡಾಹ್ ಕತೆಯ ಗರುಡನನ್ನೂ ನಮ್ಮ ಪುರಾಣಗಳ ಗರುಡನನ್ನೂ ಹೋಲಿಸಿ. ಮಲಯ ಗೆಳೆಯರನ್ನು ಜೊತೆಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

4. ಬಿಲ್ಲು ಹಿಡಿದ ಹೆಂಗಸರಲ್ಲಿ ಒಬ್ಬಳು ಕತೆ ಹೇಳುತ್ತಿರುವಂತೆ ಎರಡು ಪುಟ ಬರೆಯಿರಿ. ಒಂದೇ ನಿಯಮ: ಈ ಬಾರಿ ಅವಳ ಮಾತು ಓದುಗನಿಗೆ ಪೂರ್ತಿ ಅರ್ಥವಾಗಬೇಕು, ಮತ್ತು ಗ್ರೀಕರನ್ನು ಅವಳು ಬರೀ ಗದ್ದಲ ಮಾಡುವವರು ಅಂದುಕೊಳ್ಳಬಾರದು.